ಕಂದೀಲು ಆರಿದ್ರ ಕಾಣ್ತಿತ್ತು

(ನವಲಗುಂದ ತಾಲೂಕಿನ ಒಂದು ಹಳ್ಳಿ. ಮಾತಾಡುವವರು ಇಬ್ಬರು: ಗ್ರಾಮ ಪಂಚಾಯ್ತಿ ಸದಸ್ಯರಾಗಿರುವ ರೈತ, ಮತ್ತು ಹುಬ್ಬಳ್ಳಿಯಲ್ಲಿ ಅನಿಲ ಅಳೆಯುವ ಯಂತ್ರಗಳ ದುರಸ್ತಿ, ಪರೀಕ್ಷೆ ಮಾಡುವ ಅವರ ಅಣ್ಣನ ಮಗಳು.)

— ತಂಗಿ, ಇದನ್ನಷ್ಟು ನೋಡು. ಪಂಚಾಯ್ತಿಯ ಗ್ಯಾಸ್ ಅಳಿಯೂ ಡಬ್ಬಿ. ಭಾಳ ದಿನದಿಂದ ಬೀರುವಿನ್ಯಾಗ ಬಿದ್ದಿತ್ತು. ಮುಂದಿನ ಜಾಳಗಿ ಸುತ್ತ ಬೆಳ್ಳಗ ಏನೋ ಹತ್ತೇತಿ. ಬ್ಯಾಸಗ್ಯಾಗ ಎರಿ ನೆಲದ ಮ್ಯಾಲ ಸವಳು ಏಳತೈತಲ್ಲ, ಹಂಗ. ನಾಳೆ ಜೋಳದ ಹಗೇವು ಒಂದು ತಗಿಯೂದೈತಿ, ಒರಸಿ ಒಯ್ಯೂಣು ಅಂತ ಮಾಡೀನಿ.

— ಒರಸಬ್ಯಾಡ್ರಿ ಕಾಕಾ, ಮೊದ್ಲ ಕೆಳಗಿಡ್ರಿ. ಬರೇ ಕೈಲೆ ಮುಟ್ಟೀರೇನು? ಆ ಕೈ ಕಣ್ಣಿಗೆ ಹೋಗಿಲ್ಲಲ್ಲ? ನಡೀರಿ, ನಳದ ಕೆಳಗ ಕೈ ಹಿಡೀರಿ. ನೀರು ಹರೀತಾ ಇರಲಿ, ನಾ ಸಾಕು ಅನ್ನೂತನಾ ತಗೀಬ್ಯಾಡ್ರಿ. ಬೆರಳು ಜಾರಿದಂಗ, ಸಾಬಾಣ ಹತ್ತಿದಂಗ ಅನಸ್ತೈತೇನು?

— ಹೂಂ, ಒಂಚೂರು ಜಾರತೈತಿ. ಆದ್ರ ಉರಿ ಏನಿಲ್ಲ.

— ಅದ ಅಂಜಿಕಿ ನೋಡ್ರಿ. ಆ್ಯಸಿಡ್ ಆಗಿದ್ರ ಉರಿ ಲಗೂನ ಗೊತ್ತಾಗ್ತಿತ್ತು, ಮನಷಾ ಕೈ ಜಗ್ಗಿಕೊಳ್ತಿದ್ದ. ಕಾಸ್ಟಿಕ್ ಹಂಗಲ್ಲ. ಚರ್ಮದಾಗಿನ ಕೊಬ್ಬನ್ನ ಸಾಬಾಣ ಮಾಡ್ಕೋತ ಒಳಗ ಇಳೀತೈತಿ, ನೋವು ತಡವಾಗಿ ಬರ್ತೈತಿ. ಆ ಜಾರಿಕಿ ಅಂದ್ರ ನಿಮ್ಮ ಚರ್ಮಾನ ಕರಗಾಕ ಸುರುವಾಗೇತಿ ಅಂತ.

— ಈ ಡಬ್ಬ್ಯಾಗ ಕಾಸ್ಟಿಕ್ ಎಲ್ಲಿಂದ ಬಂತು? ಇದು ಕರೆಂಟಿನ ಸಾಮಾನಲ್ಲೇನು? ಮೊಬೈಲ್ ಇದ್ದಂಗ ಐತಿ, ಗುಂಡಿ ಒತ್ತಿದ್ರ ನಂಬರ್ ತೋರಸ್ತೈತಿ, ಅಷ್ಟ ಅಂತ ತಿಳಕೊಂಡಿದ್ವಿ ನಾವು.

— ನಂಬರ್ ತೋರಸೂದು ಕರೆಂಟಿನ ಸಾಮಾನು. ಆ ನಂಬರ್ ಹುಟ್ಟೂದು ಮಾತ್ರ ದ್ರವದಾಗ. ಈ ಡಬ್ಬ್ಯಾಗ ನಾಕು ಸೆನ್ಸರ್ ಅದಾವ. ಒಂದು ಆಕ್ಸಿಜನ್‌ಗೆ. ಒಂದು ಕೊಳೆತ ತತ್ತಿ ವಾಸನಿ ಬರ್ತೈತಲ್ಲ, ಹೈಡ್ರೋಜನ್ ಸಲ್ಫೈಡ್, ಅದಕ್ಕ. ಒಂದು ಕಾರ್ಬನ್ ಮಾನಾಕ್ಸೈಡ್‌ಗೆ. ನಾಕನೇದು ಬೆಂಕಿ ಹತ್ತೂ ಗ್ಯಾಸಿಗೆ. ಆ ನಾಕನೇದರಾಗ ದ್ರವ ಇಲ್ಲ, ಅದು ಕಾಯ್ದ ಸಣ್ಣ ತಂತಿಯ ಕೆಲಸ. ಉಳಿದ ಮೂರರಾಗೂ ದ್ರವ ಐತಿ. ವಿಷದ ಗ್ಯಾಸಿನ ಎರಡರಾಗ ಸಲ್ಫ್ಯೂರಿಕ್ ಆ್ಯಸಿಡ್. ಆಕ್ಸಿಜನ್‌ದಾಗ ಸೀಸದ ತುಂಡು, ಅದರ ಸುತ್ತ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇಲ್ಲಾ ಪೊಟ್ಯಾಸಿಯಂ ಅಸಿಟೇಟ್. ನಿಮ್ಮ ಬೆರಳಿಗೆ ಹತ್ತಿದ್ದು ಹೈಡ್ರಾಕ್ಸೈಡ್. ಸೋರಿ ಹೊರಗ ಬಂದದ್ದು ಗಾಳ್ಯಾಗಿನ ಇಂಗಾಲದ ಡೈಆಕ್ಸೈಡ್ ಕುಡದು ಬಿಳೇ ಕಾರ್ಬೊನೇಟ್ ಆಗಿ ಕುಂತೈತಿ. ಮ್ಯಾಲ ಒಣಗಿದ್ರೂ ಅದರ ಬುಡದಾಗ ಇನ್ನೂ ಹಸಿ ಕಾಸ್ಟಿಕ್ ಇರ್ತೈತಿ.

— ಸಲ್ಫ್ಯೂರಿಕ್ ಆ್ಯಸಿಡ್ ಅಂದ್ರ ಟ್ರ್ಯಾಕ್ಟರ್ ಬ್ಯಾಟರ್‍ಯಾಗ ಹಾಕೂದು?

— ಅದ ಆ್ಯಸಿಡ್, ಸುಮಾರು ಅಷ್ಟ ಖಡಕ್. ಬ್ಯಾಟರಿ ಹೆಗಲ ಮ್ಯಾಲ ಹೊತ್ತು ತಂದವರ ಧೋತರ ಎರಡು ದಿನಾ ಬಿಟ್ಟು ನೋಡ್ರಿ, ತೂತು ತೂತು. ಹನಿ ಬಿದ್ದಾಗ ಏನೂ ಆಗಿರೂದಿಲ್ಲ. ನೀರು ಆರಿಕೋತ ಹೋದಂಗ ಆ್ಯಸಿಡ್ ಗಟ್ಟಿ ಆಗಿ ಹತ್ತಿ ನೂಲನ್ನ ತಿಂತೈತಿ. ಸೆನ್ಸರಿನ್ಯಾಗ ಇರೂದು ಒಂದೆರಡು ಚಮಚೆ ಸುದ್ದಾ ಅಲ್ಲ, ಕೆಲವೇ ಮಿಲಿಲೀಟರ್. ಅದಕ್ಕ ಮಂದಿ ಹಗರ ಮಾಡ್ತಾರ. ಕಣ್ಣಿಗೆ ಒಂದು ಹನಿ ಸಾಕು ಅನ್ನೂದು ಯಾರ ತಲ್ಯಾಗೂ ಬರೂದಿಲ್ಲ.

— ಅಲ್ಲ ತಂಗಿ, ಮನಷಾನ್ನ ವಿಷದಿಂದ ಉಳಸಾಕ ಮಾಡಿದ ಡಬ್ಬ್ಯಾಗ ವಿಷಾ ಯಾಕ ತುಂಬಬೇಕು? ನಮ್ಮ ಅಪ್ಪನ ಕಾಲಕ್ಕ ಹಗೇವು ತಗದ್ರ ಕಂದೀಲು ಬಿಡ್ತಿದ್ರು. ಹಗ್ಗಕ್ಕ ಕಟ್ಟಿ, ಸಾವಕಾಶ ಇಳಿಬಿಟ್ಟು, ಬಾಯಿ ಕಡೆ ಬಗ್ಗದ ನೋಡ್ತಿದ್ರು. ಉರದ್ರ ಇಳೀ ಅಂತಿದ್ರು, ಆರಿದ್ರ ತಡಿ ಅಂತಿದ್ರು. ಅದರಾಗ ಆ್ಯಸಿಡ್ ಇರಲಿಲ್ಲ, ತಾರೀಖು ಇರಲಿಲ್ಲ.

— ಹಗೇವಿನ ಮಟ್ಟಿಗೆ ನಿಮ್ಮ ಕಂದೀಲು ಚಲೋ ಯಂತ್ರನ, ನಾ ಅಲ್ಲ ಅನ್ನೂದಿಲ್ಲ. ನನಗಿಂತ ಹಗೇವು ನಿಮಗ ಗೊತ್ತು. ಅದನ್ನ ನೀವ ಹೇಳ್ರಿ, ಒಳಗ ಗಾಳಿ ಯಾಕ ಕೆಡತಿತ್ತು?

— ಹಗೇವು ಅಂದ್ರ ನೆಲದಾಗಿನ ಕಾಳಿನ ಕುಣಿ, ಬಾಯಿ ಸಣ್ಣದು, ಹೊಟ್ಟಿ ದೊಡ್ಡದು. ಸುತ್ತ ಕಣಕಿ ಹಚ್ಚಿ, ಬಿಳಿಜೋಳ ಸುರುವಿ, ಮ್ಯಾಲ ಹೊಟ್ಟು, ಅದರ ಮ್ಯಾಲ ಕಲ್ಲು ಮಣ್ಣು ಮುಚ್ಚಿ ಬಿಟ್ರ ಬರಗಾಲ ಬಂದ್ರೂ ಊರು ಉಣತಿತ್ತು. ಕಾಳಿಗೆ ಜೀವ ಇರ್ತೈತಿ, ಅದು ಉಸರಾಡತೈತಿ. ಒಳಗಿನ ಗಾಳಿ ಕುಡದು ಮುಗಸ್ತೈತಿ. ಅದಕ್ಕ ಹುಳಾನೂ ಬದುಕೂದಿಲ್ಲ, ಕಾಳು ಕೆಡೂದಿಲ್ಲ. ಮಳಿ ನೀರು ಇಳದು ಕಾಳು ಬೆಚ್ಚಗಾದ ವರ್ಷಂತೂ ಇನ್ನೂ ಜೋರು. ಅದಕ್ಕ ಬಾಯಿ ತಗದು ಒಂದು ರಾತ್ರಿ ಹಂಗ ಬಿಡೂದು. ಅವಸರಾ ಮಾಡಿ ಇಳದಾವ ಬುಟ್ಟಿ ತುಂಬೂಕಿಂತ ಮೊದ್ಲ ಕುಸೀತಾನ. ಅವನ್ನ ಎತ್ತಾಕ ಇಳದಾವ ಅವನ ಮ್ಯಾಲ ಬೀಳ್ತಾನ. ಒಂದ ಮನಿ ಅಣ್ಣ ತಮ್ಮ ಹಿಂಗ ಹೋದ ಸುದ್ದಿ ಈ ಸೀಮ್ಯಾಗ ಕೇಳಲಾರದಾವ ಇಲ್ಲ.

— ಎಷ್ಟು ಬರೋಬ್ಬರಿ ಹೇಳಿದ್ರಿ. ಹೊರಗಿನ ಗಾಳ್ಯಾಗ ನೂರಕ್ಕ 20.9 ಪಾಲು ಆಕ್ಸಿಜನ್ ಇರ್ತೈತಿ. ಕಂದೀಲು ಆರೂದು ಸುಮಾರು 16ಕ್ಕ. ಮನಷಾ ಎಚ್ಚರ ತಪ್ಪಿ ಬೀಳೂದು ಅದಕ್ಕಿಂತ ಕೆಳಗ. ಅಂದ್ರ ಕಂದೀಲು ಮನಷಾನಕ್ಕಿಂತ ಮೊದ್ಲ ಆರತಿತ್ತು, ಅದಕ್ಕ ಹಿರ್‍ಯಾರು ಉಳದ್ರು. ಡಬ್ಬಿ ಇನ್ನೂ ಮುಂಚೆ, 19.5ಕ್ಕ ಒದರತೈತಿ. ಆದ್ರ ಅದ ಕಂದೀಲನ್ನ ಗೋಬರ್ ಗ್ಯಾಸ್ ಗುಂಡ್ಯಾಗ ಬಿಟ್ರ? ಪಾಯಖಾನಿ ಸೆಪ್ಟಿಕ್ ಟ್ಯಾಂಕಿನ್ಯಾಗ ಬಿಟ್ರ?

— ಭಗ್ ಅಂತೈತಿ.

— ಅಲ್ಲಿ ಮೀಥೇನ್ ಐತಿ. ಗೋಬರ್ ಗ್ಯಾಸಿನ್ಯಾಗ ಅರ್ಧಕ್ಕಿಂತ ಹೆಚ್ಚು ಅದ. ಇನ್ನ ಹೈಡ್ರೋಜನ್ ಸಲ್ಫೈಡ್ ಇದ್ರ ಕಂದೀಲಿಗೆ ಗೊತ್ತ ಆಗೂದಿಲ್ಲ, ತಣ್ಣಗ ಉರೀತಾ ಇರ್ತೈತಿ. ಮೂಗಿಗೆ ಗೊತ್ತಾಗ್ತೈತಿ ಅಂತೀರಿ. ಸ್ವಲ್ಪ ಇದ್ದಾಗ ಹೌದು. ಹತ್ತು ಲಕ್ಷಕ್ಕ 100 ಪಾಲಿನ ಸನೇಕ ಹೋದ್ರ ಮೂಗು ಸೋಲತೈತಿ, ವಾಸನಿನ ಬರೂದಿಲ್ಲ. ವಾಸನಿ ಹೋತು, ಗಾಳಿ ಸ್ವಚ್ಛ ಆತು ಅಂತ ತಿಳಕೊಂಡು ಇಳದಾವ ಮ್ಯಾಲ ಬರೂದಿಲ್ಲ. ಅದಕ್ಕ ಡಬ್ಬಿ ಬೇಕು. ಡಬ್ಬಿ ಬೇಕಂದ್ರ, ಇವತ್ತಿನ ಮಟ್ಟಿಗೆ, ಒಳಗ ಆ್ಯಸಿಡ್ ಬೇಕು. ಗ್ಯಾಸು ತೆಳ್ಳನ್ನ ಪೊರಿ ದಾಟಿ ಒಳಗ ಹೋಗಿ ಪ್ಲಾಟಿನಮ್ ಹಚ್ಚಿದ ತಗಡಿನ ಮ್ಯಾಲ ಸುಡತೈತಿ. ಅಲ್ಲಿ ಹುಟ್ಟಿದ ಕರೆಂಟು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಾಕ ಆ್ಯಸಿಡ್ ದಾರಿ ಆಗಿರ್ತೈತಿ. ಗ್ಯಾಸು ಎಷ್ಟು ಹೆಚ್ಚೋ ಕರೆಂಟು ಅಷ್ಟು ಹೆಚ್ಚು. ದ್ರವ ಇಲ್ಲಂದ್ರ ಕರೆಂಟಿಲ್ಲ.

— ಹಂಗಾರ ಸೋರೂದು ಯಾಕ? ರೊಕ್ಕಾ ಕೊಟ್ಟು ತಗೊಂಡ ಸಾಮಾನು ಇದು, ಗುಜರಿ ಅಲ್ಲ.

— ಸಾಮಾನು ಕಳಪೆ ಅಂತಲ್ಲ. ಗ್ಯಾಸು ಒಳಗ ಹೋಗಬೇಕಂದ್ರ ಬಾಯಿ ತಗದಿರಬೇಕು. ಬಾಯಿ ತಗದಿದ್ರ ಗಾಳ್ಯಾಗಿನ ತ್ಯಾವಾನೂ ಒಳಗ ಹೊರಗ ಆಡತೈತಿ. ಸಲ್ಫ್ಯೂರಿಕ್ ಆ್ಯಸಿಡ್ ನೀರಿಗೆ ಭಾಳ ಹಸದಿರೂ ವಸ್ತು. ಕಲಘಟಗಿ ಕಡೆ ಆಷಾಢ ಶ್ರಾವಣದಾಗ ವಾರಗಟ್ಟಲೆ ಜಿಟಿಜಿಟಿ ಹಿಡೀತೈತಲ್ಲ, ಅಲ್ಲಿ ಬಯಲಿನ್ಯಾಗ ಇಟ್ಟ ಸೆನ್ಸರ್ ನೀರು ಕುಡದು ಕುಡದು ಉಬ್ಬತೈತಿ. ಒಳಗ ಜಾಗಾ ಸಾಲಲಾರದಕ್ಕ ಆ್ಯಸಿಡ್ ಸಂದಿ ಹುಡಿಕ್ಕೊಂಡು ಹೊರಗ ಬರ್ತೈತಿ. ಅದ ಸೆನ್ಸರ್ ನಮ್ಮ ನವಲಗುಂದಕ್ಕ ತಂದು ಚೈತ್ರ ವೈಶಾಖದ ಒಣಾ ಬಿಸಲಾಗ ಇಡ್ರಿ, ನೀರು ಹಾರಿ ಒಣಗತೈತಿ. ಈ ಸೆನ್ಸರ್ ತಡಕೊಳ್ಳೂ ಬಿಸಿ ಸಾಮಾನ್ಯವಾಗಿ 50 ಡಿಗ್ರಿತನಾ. ನಮ್ಮಲ್ಲಿ ಬ್ಯಾಸಗ್ಯಾಗ ಹೊರಗ 40. ಕಾಜು ಏರಿಸಿ ಬಿಸಲಾಗ ನಿಲ್ಲಿಸಿದ ಜೀಪಿನ ಒಳಗ 50 ದಾಟಾಕ ಭಾಳ ಹೊತ್ತು ಬೇಕಿಲ್ಲ. ಜೀಪಿನ ಮುಂದಿನ ಹಲಿಗಿ ಮ್ಯಾಲ ಈ ಡಬ್ಬಿ ಇಟ್ಟಿದ್ದನ್ನ ನಾ ಎಷ್ಟೋ ಕಡೆ ನೋಡೀನಿ.

— ಇದು ಬೀರುವಿನ್ಯಾಗ ನೆಳ್ಳಾಗ ಇತ್ತು. ಬಿಸಲೂ ಕಂಡಿಲ್ಲ, ಮಳೀನೂ ಕಂಡಿಲ್ಲ. ಬಳಸೇ ಇಲ್ಲ ಅಂದ್ರೂ ನಡೀತೈತಿ. ಇದಕ್ಕೇನಾತು?

— ಆಕ್ಸಿಜನ್ ಸೆನ್ಸರಿನ ಸಂಕಟ ಅದು. ಅದು ಟಾರ್ಚಿನ ಶೆಲ್ಲಿನ ಜಾತಿ, ಆದ್ರ ಆಫ್ ಮಾಡಾಕ ಬರೂದಿಲ್ಲ. ಸೀಸ ಆಕ್ಸಿಜನ್ ಜೋಡಿ ಸೇರಿ ಸೀಸದ ಆಕ್ಸೈಡ್ ಆಗ್ತೈತಿ, ಅದರಾಗ ಕರೆಂಟು ಹುಟ್ಟತೈತಿ. ಗುಂಡಿ ಒತ್ತಿ ಡಬ್ಬಿ ಬಂದ್ ಮಾಡಿದ್ರೂ ಬೀರುವಿನ್ಯಾಗ ಗಾಳಿ ಇರ್ತೈತಲ್ಲ? ಸೀಸ ಸವೀತಾನ ಇರ್ತೈತಿ. ಎರಡು ವರ್ಷ ಅಂದ್ರ ಎರಡು ವರ್ಷ, ಬಳಸ್ರಿ ಬಿಡ್ರಿ. ಇನ್ನೊಂದು, ಆ ಆಕ್ಸೈಡು ಸೀಸಕ್ಕಿಂತ ಹೆಚ್ಚು ಜಾಗಾ ಹಿಡೀತೈತಿ. ಕಡೀಗೆ ಒಳಗಿಂದ ಒತ್ತಿ ಒತ್ತಿ ಪ್ಲಾಸ್ಟಿಕ್ ಸೀಳತೈತಿ. ಕಾಸ್ಟಿಕ್ ಹೊರಗ ಬರೂದು ಆಗ. ನಿಮ್ಮ ಡಬ್ಬಿ ಹಿಂದ ತಾರೀಖು ನೋಡ್ರಿ. ವಯಸ್ಸು ಮುಗದು ಭಾಳ ದಿನಾ ಆಗೇತಿ.

— ಅವ್ವ! ತಗೊಂಡ ತಾರೀಖು ನೋಡಿದ್ವಿ, ಮುಗಿಯೂ ತಾರೀಖು ಯಾರೂ ನೋಡಲಿಲ್ಲ. ಕೀಟನಾಶಕದ ಡಬ್ಬಿ ತಗೊಂಡ್ರ ನೋಡ್ತೀವಿ, ಬೀಜದ ಚೀಲಾ ತಗೊಂಡ್ರ ನೋಡ್ತೀವಿ.

— ಕಾಕಾ, ಸೋರಿದ್ದು ಕಣ್ಣಿಗೆ ಕಾಣ್ತೈತಿ, ಕೈ ತೊಳಕೊಂಡ್ರಿ. ನನಗ ಹೆಚ್ಚಿನ ಅಂಜಿಕಿ ಇರೂದು ಕಾಣದ ಇದ್ದದ್ದರದು. ಒಳಗಿನ ಆ್ಯಸಿಡ್ ಒಣಗಿದ ಸೆನ್ಸರ್ ಏನು ತೋರಸ್ತೈತಿ ಗೊತ್ತೇನು? ಸೊನ್ನಿ. ಚಲೋ ಗಾಳ್ಯಾಗ ಇಟ್ರೂ ಸೊನ್ನಿ, ವಿಷದ ಗ್ಯಾಸಿನ್ಯಾಗ ಇಟ್ರೂ ಸೊನ್ನಿ. ಸೊನ್ನಿ ನೋಡಿ ಮನಷಾ ಏನಂತಾನ? ವಿಷಾ ಇಲ್ಲ, ಇಳೀಬಹುದು ಅಂತಾನ. ನಿಮ್ಮ ಕಂದೀಲು ಆರಿದ್ರ ಕಾಣ್ತಿತ್ತು. ಇದು ಆರಿದ್ರ ಉರದಂಗ ಕಾಣ್ತೈತಿ.

— ಇದು ಭಾಳ ಕೆಟ್ಟ ಮಾತು.

— ಸೋರಿದ್ರೂ ಅದ ಗತಿ ಆಗಬಹುದು. ಹೊರಗ ಬಂದ ಆ್ಯಸಿಡ್ ಕೆಳಗಿನ ಹಸರ ಹಲಿಗಿ ಮ್ಯಾಲ ಹರದು ತಾಮ್ರದ ಗೆರಿ ತಿಂತೈತಿ. ಪಿನ್ನಿನ ಮ್ಯಾಲ ನೀಲಿ ಹಸರ ಕಿಲುಬು ಕಂಡ್ರ ಅದ. ಮೊದ್ಲ ನಂಬರ್ ಕುಣೀತಾವ, ಸೊನ್ನಿಗಿಂತ ಕೆಳಗ ಹೋಗ್ತಾವ, ಸುಮ್ಮನ ಒದರತೈತಿ. ಮಂದಿಗೆ ಬ್ಯಾಸರಾಗಿ ಗಂಟಿ ಬಂದ್ ಮಾಡ್ತಾರ. ಆಮ್ಯಾಲ ಒಂದಿನಾ ಒದರಬೇಕಾದಾಗ ಒದರೂದಿಲ್ಲ.

— ಹಂಗಾರ ಡಬ್ಬಿ ಜೀವಂತ ಐತೋ ಸತ್ತೈತೋ ಗೊತ್ತು ಮಾಡೂದು ಹೆಂಗ?

— ಗ್ಯಾಸ್ ಕೊಟ್ಟು ನೋಡಬೇಕು. ಬ್ಯಾರೆ ದಾರಿ ಇಲ್ಲ. ಇಷ್ಟು ಪಾಲು ಐತಿ ಅಂತ ಬರದ ಸಣ್ಣ ಸಿಲಿಂಡರ್ ಬರ್ತಾವ. ಕೆಲಸಕ್ಕ ಒಯ್ಯೂ ದಿನಾ ಮುಂಜಾನೆ ಅದರದೊಂದು ಉಸರು ಡಬ್ಬಿಗೆ ಕೊಟ್ಟು, ಅದು ಒದರತೈತೋ ಇಲ್ಲೋ ನೋಡಬೇಕು. ಬಂಪ್ ಟೆಸ್ಟ್ ಅಂತಾರ. ಆ ಸಿಲಿಂಡರಿಗೂ ತಾರೀಖು ಐತಿ, ಅದನ್ನೂ ನೋಡಬೇಕು. ಆಕ್ಸಿಜನ್ ಸೆನ್ಸರ್ ಒಂದಕ್ಕ ಮಾತ್ರ ಬಿಟ್ಟಿ ಪರೀಕ್ಷಾ ಐತಿ: ಜಾಳಗಿ ಮ್ಯಾಲ ಉಸರು ಬಿಡ್ರಿ. ನಾವು ಹೊರಗ ಬಿಡೂ ಉಸಿರಿನ್ಯಾಗ ಆಕ್ಸಿಜನ್ ಸುಮಾರು 16 ಇರ್ತೈತಿ, ನಿಮ್ಮ ಕಂದೀಲು ಆರೂ ಮಟ್ಟ. ನಂಬರ್ ಸರಸರ ಇಳದು ಒದರಿದ್ರ ಅದು ಬದಕೈತಿ. ಇಳೀದಿದ್ರ ಸತ್ತೈತಿ. ಉಳದ ಮೂರು ಸೆನ್ಸರಿಗೆ ಈ ಉಸಿರಿನ ಆಟ ನಡಿಯೂದಿಲ್ಲ, ನೆನಪಿಡ್ರಿ.

— ನಾಕು ಬದಕಿದ್ರ ಎಲ್ಲಾ ವಿಷಾ ಗೊತ್ತಾಗ್ತೈತಿ ಹಂಗಾರ.

— ಇಲ್ರಿ. ಇಂಗಾಲದ ಡೈಆಕ್ಸೈಡ್ ಈ ಡಬ್ಬಿಗೆ ಗೊತ್ತಿಲ್ಲ. ಹಗೇವಿನ್ಯಾಗ ನಡೀತೈತಿ, ಯಾಕಂದ್ರ ಕಾಳು ಆಕ್ಸಿಜನ್ ಕುಡದಷ್ಟ ಡೈಆಕ್ಸೈಡ್ ಬಿಡತೈತಿ. ಡೈಆಕ್ಸೈಡ್ 5 ಏರಿದ್ರ ಆಕ್ಸಿಜನ್ 5 ಇಳದಿರ್ತೈತಿ, ಡಬ್ಬಿ ಒದರತೈತಿ. ಆದ್ರ ಡೈಆಕ್ಸೈಡ್ ಹೊರಗಿನಿಂದ ಬಂದು ಗಾಳೀನ ಬರೇ ಸರಿಸಿ ತುಂಬಿದ್ರ ಲೆಕ್ಕ ಬ್ಯಾರೆ. ನೂರಕ್ಕ 5 ತುಂಬಿದ್ರೂ ಆಕ್ಸಿಜನ್ 20.9ರಿಂದ 19.9ಕ್ಕ ಇಳೀತೈತಿ ಅಷ್ಟ. 19.5ಕ್ಕ ಒದರೂ ಡಬ್ಬಿ ಸುಮ್ಮನಿರ್ತೈತಿ. 4 ಪಾಲು ಡೈಆಕ್ಸೈಡ್ ಅಂದ್ರನ ಜೀವಕ್ಕ ಕುತ್ತು ಅಂತ ಲೆಕ್ಕ ಹಾಕ್ಯಾರ. ಇನ್ನ ಕಾಳಿಗೆ ಇಡೂ ಸೆಲ್ಫೋಸ್ ಗುಳಿಗಿ. ಅದರಿಂದ ಬರೂ ಫಾಸ್ಫೀನ್ ಅಳತಿ ಮಾಡಾಕ ಅದರದ ಸೆನ್ಸರ್ ಬೇಕು. 3 ಗ್ರಾಂ ಗುಳಿಗಿ 1 ಗ್ರಾಂ ಫಾಸ್ಫೀನ್ ಬಿಡತೈತಿ, ಮಂದಿ ಮಲಗೂ ಮನ್ಯಾಗ ಆ ಗುಳಿಗಿ ಇಡೂದ ಅಲ್ಲ. ಅಣ್ಣಿಗೇರಿ, ಕುಂದಗೋಳ ಗೋದಾಮಿನ್ಯಾಗ ದುಡಿಯೂ ಹಮಾಲರಿಗೆ ಈ ಮಾತು ಯಾರರ ಹೇಳಬೇಕು. ನಾಕು ಗ್ಯಾಸಿನ ಡಬ್ಬಿ ನೋಡಿ ಅವರು ಧೈರ್ಯಾ ಮಾಡಬಾರದು.

— ನಿನ್ನ ಮಾತು ಕೇಳಿದ್ರ ಹಗೇವಿನ ಗಾಳಿ ಈ ಡಬ್ಬಿಗೂ ಚಲೋದಲ್ಲ ಅನಸ್ತೈತಿ. ಬಿಳೇ ಪುಡಿ ಡೈಆಕ್ಸೈಡ್ ಕುಡದು ಆದದ್ದು ಅಂದಿ.

— ಅದನ್ನ ಹೇಳಬೇಕಂತಿದ್ದೆ, ನೀವ ಹಿಡಕೊಂಡ್ರಿ. ಕಾಸ್ಟಿಕ್ ಇರೂ ಆಕ್ಸಿಜನ್ ಸೆನ್ಸರ್ ಹಗೇವಿನಂಥಾ ಗಾಳ್ಯಾಗ ಇಟ್ರ ಡೈಆಕ್ಸೈಡ್ ಒಳಗೂ ಹೋಗಿ ಕಾಸ್ಟಿಕ್ ಕೆಡಿಸಿ ಅದರ ಆಯುಷ್ಯ ಕಡಿಮಿ ಮಾಡತೈತಿ. ಅದಕ್ಕ ಕೆಲವರು ಅಸಿಟೇಟ್ ಬಳಸ್ತಾರ. ಸೀಸಾನ ಇಲ್ಲದ ಆಕ್ಸಿಜನ್ ಸೆನ್ಸರೂ ಈಗ ಬಂದಾವ, ಆಯುಷ್ಯ ಹೆಚ್ಚು, ರೊಕ್ಕಾನೂ ಹೆಚ್ಚು. ಮೀಥೇನ್, ಡೈಆಕ್ಸೈಡ್ ಎರಡಕ್ಕೂ ಬೆಳಕಿನಿಂದ ಅಳತಿ ಮಾಡೂ ಸೆನ್ಸರ್ ಅದಾವ, ಅದರಾಗ ದ್ರವ ಇಲ್ಲ. ಹೊಸಾದು ತಗೊಳ್ಳೂ ಮೊದ್ಲ ಪಂಚಾಯ್ತಿಯವರು ಇದನ್ನ ಕೇಳಬೇಕು: ಒಳಗ ಏನೈತಿ, ಎಷ್ಟು ದಿನಾ ಬಾಳತೈತಿ, ಸತ್ತಮ್ಯಾಲ ಯಾರು ವಾಪಸ್ ತಗೋತಾರ.

— ಈಗ ಇದನ್ನೇನು ಮಾಡೂದು? ಆ ಮೂಲ್ಯಾಗಿನ ತಿಪ್ಪಿಗೆ ಒಗದ್ರ?

— ತಿಪ್ಪಿಗಲ್ಲ, ಕೆರಿಗಲ್ಲ, ಒಲಿಗಲ್ಲ. ತಿಪ್ಪ್ಯಾಗಿನ ಗೊಬ್ಬರ ಹೊಲಕ್ಕ ಹೋಗ್ತೈತಿ, ಸೀಸ ಅದರ ಜೋಡಿ ಹೋಗ್ತೈತಿ. ಇಲ್ಲಿ ಬೋರಿನ ನೀರು ಸವಳು ಅಂತ ಮಲಪ್ರಭಾ ಕಾಲುವಿ ನೀರು ಕೆರ್‍ಯಾಗ ತುಂಬಿಸಿ ಕುಡಿಯೂ ಮಂದಿ ನಾವು. ಆ ಕೆರಿ ದಂಡ್ಯಾಗ ಇಂಥಾದ್ದು ಬೀಳಬಾರದು. ಹುಡುಗುರ ಕೈಗಂತೂ ಸಿಗಲೇಬಾರದು. ದುಂಡಗ, ಪಿನ್ನು ಇರ್ತಾವ, ಆಟಿಗಿ ಇದ್ದಂಗ ಕಾಣ್ತೈತಿ. ಕಲ್ಲಿಲೆ ಜಜ್ಜಿ ಒಳಗೇನೈತಿ ನೋಡೂಣು ಅಂತಾರ. ಜಜ್ಜಿದಾಗ ಸಿಡಿಯೂದು ಮಾರಿಗೆ. ಗುಜರಿಯವನೂ ಹಂಗ, ಪ್ಲಾಟಿನಮ್ ಐತಂತ, ಸೀಸ ಐತಂತ ಒಡೀತಾನ. ಅವನ ಮನ್ಯಾಗೂ ಮಕ್ಕಳದಾರ. ಬೆಳಿಯೂ ಮಕ್ಕಳ ಮೆದಳಿಗೆ ಸೀಸ ಸ್ವಲ್ಪ ಹೋದ್ರೂ ಕೆಟ್ಟದ್ದು.

— ಮತ್ತ?

— ರಬ್ಬರ್ ಕೈಗವಸು ಹಾಕ್ಕೊಂಡು, ಕಣ್ಣಿಗೆ ಚಷ್ಮಾ ಹಾಕ್ಕೊಂಡು, ಡಬ್ಬೀನ ಗಟ್ಟಿ ಪ್ಲಾಸ್ಟಿಕ್ ಚೀಲದಾಗ, ಅದನ್ನ ಇನ್ನೊಂದು ಚೀಲದಾಗ ಇಡ್ರಿ. ತಗಡಿನ ಡಬ್ಬಿ ಬ್ಯಾಡ. ಬೀರುವಿನ ಹಲಿಗೀನ ಭಾಳಷ್ಟು ನೀರು ಹಾಕಿದ ಬಟ್ಟಿಲೆ ಒರಸಿ, ಆ ಬಟ್ಟೀನೂ ಚೀಲಕ್ಕ ಹಾಕ್ರಿ. ಮ್ಯಾಲ ಕನ್ನಡದಾಗ ದೊಡ್ಡದಾಗಿ ಬರೀರಿ: ಆ್ಯಸಿಡ್ ಐತಿ, ಸೀಸ ಐತಿ, ತಗೀಬ್ಯಾಡ್ರಿ. ಇ-ತ್ಯಾಜ್ಯದ ಹೊಸ ನಿಯಮ 2022ರಾಗ ಮಾಡ್ಯಾರ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾವ. ಇಂಥಾ ಸಾಮಾನು ಮಾಡೂ ಕಂಪನಿ ಅದನ್ನ ಮರುಬಳಕಿಗೆ ಮುಟ್ಟಿಸೂ ಜವಾಬ್ದಾರಿ ಹೊರಬೇಕು. ಮಾರಿದವರಿಗೆ ಪಂಚಾಯ್ತಿ ಒಂದು ಪತ್ರಾ ಬರೀಲಿ, ಮಾಲಿನ್ಯ ನಿಯಂತ್ರಣ ಮಂಡಳಿಯಾಗ ನೋಂದಣಿ ಇರೂ ಮರುಬಳಕಿ ಘಟಕಕ್ಕ ಕಳಿಸ್ರಿ ಅಂತ ಕೇಳಲಿ.

— ಅಕಸ್ಮಾತ್ ಯಾರ ಕಣ್ಣಿಗರ ಬಿತ್ತು ಅನ್ನು. ಊರಾಗ ಏನು ಮಾಡ್ತಾರ ನಿನಗ ಗೊತ್ತೈತಿ. ಔಡಲೆಣ್ಣಿ ಬಿಡ್ತಾರ, ಬಾಣಂತಿ ಹಾಲು ಬಿಡ್ತಾರ, ಬೆಣ್ಣಿ ಹಚ್ಚತಾರ.

— ಎಲ್ಲಾ ಬಂದ್. ನೀರು, ಬರೇ ನೀರು. ಸೋಸಿದ ಕೆರಿ ನೀರು ಕೈಯಾಗಿದ್ರ ಚಲೋ, ಇಲ್ಲಂದ್ರ ನಳದಾಗ ಯಾವ ಸ್ವಚ್ಛ ನೀರು ಬರ್ತೈತೋ ಅದು, ಸವಳಾದ್ರೂ ನಡೀತೈತಿ, ತಡಾ ಮಾಡಬ್ಯಾಡ್ರಿ. ರೆಪ್ಪಿ ಎರಡೂ ಬೆರಳಿಲೆ ಅಗಲಿಸಿ ಹಿಡದು, ಇನ್ನೊಂದು ಕಣ್ಣಿಗೆ ಹರೀದಂಗ ತಲಿ ವಾರಿ ಮಾಡಿ ಬಿಡತಾ ಇರಬೇಕು. ಆ್ಯಸಿಡ್ ಆದ್ರ ಕಡಿಮಿ ಅಂದ್ರ 20 ನಿಮಿಷ, ಕಾಸ್ಟಿಕ್ ಆದ್ರ ಅರ್ಧಾ ತಾಸಿಗೂ ಮ್ಯಾಲ. ಯಾವುದು ಗೊತ್ತಿಲ್ಲಂದ್ರ ಕಾಸ್ಟಿಕ್ ಅಂತನ ತಿಳೀರಿ. ಆ್ಯಸಿಡಿಗೆ ಸೋಡಾ, ಕಾಸ್ಟಿಕ್‌ಗೆ ಲಿಂಬಿ ಹುಳಿ ಅನ್ನೂ ಶಾಣ್ಯಾತನ ಕಣ್ಣಿನ್ಯಾಗ ಮಾಡಬಾರದು, ಅವು ಕೂಡಿದಾಗ ಬಿಸಿ ಹುಟ್ಟಿ ಇನ್ನಷ್ಟು ಸುಡತೈತಿ. ನವಲಗುಂದದಿಂದ ಹುಬ್ಬಳ್ಳಿ ದೊಡ್ಡ ಸರ್ಕಾರಿ ದವಾಖಾನಿಗೆ 40 ಕಿಲೋಮೀಟರಿನ ಸನೇಕ ಐತಿ. ತೊಳೀದ ಗಾಡಿ ಹತ್ತಿಸಿದ್ರ ಆ ದಾರಿ ಪೂರಾ ಕಾಸ್ಟಿಕ್ ಕಣ್ಣಿನ್ಯಾಗ ಇಳಕೋತ ಹೋಗ್ತೈತಿ. 108ಕ್ಕ ಫೋನ್ ಮಾಡ್ರಿ, ಗಾಡಿ ಬರೂತನಾ ತೊಳೀರಿ, ದಾರ್‍ಯಾಗೂ ಬಾಟ್ಲಿ ನೀರು ಬಿಡ್ರಿ. ಉರಿ ನಿಂತೈತಿ ಅಂದ್ರೂ ಡಾಕ್ಟರಿಗೆ ತೋರಸ್ರಿ, ಕಾಸ್ಟಿಕ್ ಒಳಗ ಎಷ್ಟು ಇಳದೈತಿ ಅನ್ನೂದು ಕನ್ನಡ್ಯಾಗ ಕಾಣೂದಿಲ್ಲ.

— ಇನ್ನೊಂದು ಕೇಳ್ತೀನಿ, ಖರೇ ಹೇಳು. ಈ ಡಬ್ಬಿ ನಾವು ತರಿಸಿದ್ದು ಹಗೇವಿಗಂತಲ್ಲ. ಸೆಪ್ಟಿಕ್ ಟ್ಯಾಂಕ್ ಕಟ್ಟಿಕೊಂಡಾಗ ಮಂದಿ ಇಳಸ್ತಾರಲ್ಲ, ಅವರ ಜೀವಾ ಉಳೀಲಿ ಅಂತ. ಒಳ್ಳೇದ ಮಾಡಾಕ ಹೋಗಿದ್ವಿ.

— ಒಳ್ಳೇದು ಖರೇ. ಆದ್ರ ಡಬ್ಬಿ ಇದ್ರ ಮಂದಿ ಇಳಿಸಬಹುದು ಅಂತ ಯಾರರ ತಿಳಕೊಂಡಿದ್ರ ಅದು ತಪ್ಪು. 2013ರ ಕಾಯ್ದೆ ಪ್ರಕಾರ ರಕ್ಷಣಿ ಸಾಮಾನು ಇಲ್ಲದಂಗ ಸೆಪ್ಟಿಕ್ ಟ್ಯಾಂಕಿಗೆ, ಗಟಾರಕ್ಕ ಯಾರನ್ನೂ ಇಳಸೂಹಂಗಿಲ್ಲ, ಇಳಿಸಿದವರಿಗೆ ಜೈಲು ಐತಿ. ಇಳದು ಸತ್ತವರ ಮನಿಗೆ 10 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟು 2014ರ ಮಾರ್ಚಿನ್ಯಾಗ ಹೇಳಿತ್ತು. 2023ರ ಅಕ್ಟೋಬರಿನ್ಯಾಗ ಅದನ್ನ 30 ಲಕ್ಷ ಮಾಡೇತಿ. ಈ ಕೆಲಸಕ್ಕ ಯಾವ ಓಣಿ ಮಂದೀನ ಕರೀತಾರ ಅನ್ನೂದು ನಿಮಗೂ ಗೊತ್ತು, ನನಗೂ ಗೊತ್ತು. ಅವರ ಕೈಯಾಗ ಸತ್ತ ಡಬ್ಬಿ ಕೊಟ್ಟು, ಸೊನ್ನಿ ತೋರಸ್ತೈತಿ ಇಳೀ ಅಂದ್ರ, ಡಬ್ಬಿ ಇಲ್ಲದ ಇಳಸೂದಕ್ಕಿಂತ ಕೆಟ್ಟದ್ದು. ಡಬ್ಬಿ ಇಲ್ಲಂದ್ರ ಅವನು ಅಂಜತಿದ್ದ, ಒಲ್ಲೆ ಅಂತಿದ್ದ. ನಾವು ಆ ಅಂಜಿಕೀನೂ ಕಸಗೊಂಡಂಗ ಆತು. ಸಕ್ಕಿಂಗ್ ಗಾಡಿ ತರಸ್ರಿ. ಟ್ಯಾಂಕಿನ ಮುಚ್ಚಳ ತಗದಾಗ ಅದರ ಸುತ್ತ ನಿಂತವರ ಸಲುವಾಗಿ ಡಬ್ಬಿ ಇರಲಿ.

— ಪಂಚಾಯ್ತ್ಯಾಗ ಸಾಮಾನು ತಗೊಳ್ಳಾಕ ರೊಕ್ಕಾ ಸಿಗತೈತಿ, ಅದನ್ನ ನೋಡಿಕೊಳ್ಳಾಕ ಸಿಗೂದಿಲ್ಲ ತಂಗಿ. ಬೋರಿನ ಮೋಟರ್ ಸುಟ್ರ ಊರ ಮಂದಿ ಬಂದು ನಿಲ್ತಾರ, ಮಾರನೇ ದಿನಾ ರಿಪೇರಿ. ಈ ಡಬ್ಬಿ ಸತ್ರ ಕೇಳವರು ಯಾರು?

— ಅದಕ್ಕ ಬರದಿಡಬೇಕು. ಸೆನ್ಸರ್ ಬದಲಿ ಮಾಡೂ ವರ್ಷ ಇಂಥಾದ್ದು, ಪರೀಕ್ಷಾ ಗ್ಯಾಸಿನ ಸಿಲಿಂಡರ್ ಇಂಥಾ ತಿಂಗಳು, ಯಾರ ಕೈಯಾಗ ಐತಿ, ಅವನಿಗೆ ತರಬೇತಿ ಆಗೇತೋ ಇಲ್ಲೋ. ಡಬ್ಬಿ ತಗೊಳ್ಳೂ ಠರಾವಿನ್ಯಾಗನ ಇದಕ್ಕ ರೊಕ್ಕಾ ತಗದಿಡಬೇಕು. ಅಷ್ಟು ತಾಕತ್ತಿಲ್ಲಂದ್ರ ಊರಿಗೊಂದು ಡಬ್ಬಿ ಯಾಕ ಬೇಕು? ನಾಕಾರು ಪಂಚಾಯ್ತಿ ಕೂಡಿ ತಾಲೂಕಿನ್ಯಾಗ ಒಂದು ಚಲೋದಿಟ್ಟು, ತಿಳದಾವನ ಕೈಯಾಗ ಕೊಟ್ಟು, ಬೇಕಾದಾಗ ಕರಸ್ರಿ. ಬೀರುವಿನ್ಯಾಗ ಸತ್ತು ಸೋರೂ ಹತ್ತು ಡಬ್ಬಿಗಿಂತ ಬದಕಿರೂ ಒಂದು ಮೇಲು.

— ನಾಳೆ ಹಗೇವಿನ ಕತಿ?

— ಈ ಡಬ್ಬಿ ಒಯ್ಯಬ್ಯಾಡ್ರಿ. ಇವತ್ತು ಸಂಜಿನ ಬಾಯಿ ತಗಸ್ರಿ, ರಾತ್ರಿ ಪೂರಾ ಬಿಡ್ರಿ, ಸುತ್ತ ಹುಡುಗುರು ಸುಳೀದಂಗ ಕಟಗಿ ಹಚ್ಚರಿ. ಬೆಳಿಗ್ಗೆ ರಾಶಿ ತೂರೂ ಫ್ಯಾನ್ ತಂದು ಗಾಳಿ ಹೊಡಸ್ರಿ. ಆಮ್ಯಾಲ ಕಂದೀಲು ಬುಡದತನಾ ಬಿಡ್ರಿ, ಹೊತ್ತು ನಿಂದ್ರಿಸಿ ನೋಡ್ರಿ. ಇಳಿಯಾವನ ನಡಕ್ಕ ಹಗ್ಗಾ ಇರಲಿ, ಮ್ಯಾಲ ಗಟ್ಟಿ ಆಳು ಇಬ್ಬರು ಹಿಡದಿರಲಿ. ಅವನು ಓ ಅನ್ನಲಿಲ್ಲಂದ್ರ ಜಗ್ಗಬೇಕು, ಇನ್ನೊಬ್ಬ ಇಳೀಬಾರದು. ಮುಂಜಾನೆ ಹುಬ್ಬಳ್ಳಿಯಿಂದ ಪರೀಕ್ಷಾ ಮಾಡಿದ ಡಬ್ಬಿ ನಾನ ತರತೀನಿ, ಬರೂತನಾ ಯಾರೂ ಇಳೀಬ್ಯಾಡ್ರಿ.

— ಮುಂದಿನ ಗ್ರಾಮಸಭಾದಾಗ ನೀನ ಬಂದು ಇದನ್ನ ಹೇಳಬೇಕು. ನಾ ಹೇಳಿದ್ರ ಕಾಕಾಗ ವಯಸ್ಸಾತು ಅಂತಾರ.

— ಬರ್ತೀನಿ. ನೀವು ಅಷ್ಟರಾಗ ಒಂದು ಕೆಲಸಾ ಮಾಡ್ರಿ. ಸಾಲಿ ಲ್ಯಾಬಿನ್ಯಾಗ, ದವಾಖಾನ್ಯಾಗ, ಹತ್ತಿ ಮಿಲ್ಲಿನ್ಯಾಗ, ನೀರಿನ ಟಾಕಿ ಕೋಲ್ಯಾಗ, ಎಲ್ಲೆಲ್ಲಿ ಇಂಥಾ ಡಬ್ಬಿ ಅದಾವೋ ಕೇಳಿ, ಅದರ ಹಿಂದ ಬರದ ತಾರೀಖು ಓದಿಸ್ರಿ. ತಾರೀಖು ದಾಟಿದ್ದನ್ನ, ಬಿಳೇ ಪುಡಿ ಹತ್ತಿದ್ದನ್ನ ನಂಬಿ ಯಾರನ್ನೂ ಗುಂಡ್ಯಾಗ ಇಳಿಸಬ್ಯಾಡ್ರಿ, ಬರೇ ಕೈಲೆ ಮುಟ್ಟಲೂಬ್ಯಾಡ್ರಿ.